ಚೀಟಿಯಲ್ಲಿ ಬರೆಯದ ಹೆಸರು

ಮೊನ್ನೆ ನಮ್ಮ ಬೀದಿಯಲ್ಲಿ ಬೆತ್ತದ ಕುರ್ಚಿ ಹೆಣೆಯುವವನೊಬ್ಬ ಕೂಗಿಕೊಂಡು ಹೋದ. ಇಂಥವರು ಇನ್ನೂ ಇದ್ದಾರೆಯೇ ಎಂದು ನಾನು ಬಾಗಿಲಿಗೆ ಬರುವಷ್ಟರಲ್ಲಿ ತಿರುವು ದಾಟಿಬಿಟ್ಟಿದ್ದ. ನಮ್ಮ ಮನೆಯಲ್ಲಿ ಬೆತ್ತದ ಕುರ್ಚಿ ಇಲ್ಲ, ಅವನಿಂದ ಆಗಬೇಕಾದ ಕೆಲಸವೂ ಇಲ್ಲ. ಆದರೆ ಬೆತ್ತದ ಕುರ್ಚಿ ಎಂದಕೂಡಲೇ ನನಗೆ ಒಬ್ಬರು ನೆನಪಾಗುತ್ತಾರೆ, ಅದರ ಮೇಲೆ ಎಂದೂ ಕೂರದೆ ಹೋದವರು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ಬದುಕಿದ್ದಾಗ ಅವರಿಗೆ ಇಷ್ಟವಿಲ್ಲದ ಎಷ್ಟೋ ಮಾತು ನಾನು ಆಡಿದ್ದೇನೆ, ಈಗಲಾದರೂ ಅವರ ಮನಸ್ಸಿನಂತೆ ನಡೆಯೋಣ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಮಧ್ಯಾಹ್ನದ ಹೊತ್ತು ಬಾಗಿಲಲ್ಲಿ ನಿಂತರೆ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ. ನಮ್ಮ ಕನ್ನಡ ಕ್ರೈಸ್ತ ಸಭೆಗೆ ಆಗ ದೇವಾಲಯವಿರಲಿಲ್ಲ; ಶೀಟು ಹೊದಿಸಿದ ಒಂದು ಶೆಡ್ಡು, ಎದುರಿಗೆ ಒಂದು ಹೊಂಗೆಮರ, ಮರಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡು. ಅದೇ ನಮ್ಮ ಗಂಟೆ. ಚಪ್ಪಲಿ ಹೊರಗೆ ಬಿಟ್ಟು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಜಮಖಾನೆಯ ಮೇಲೆ ಕೂರುತ್ತಿದ್ದೆವು. ಮುಂದಿನ ಸಾಲಿನಲ್ಲಿ ಮಾತ್ರ ನಾಲ್ಕು ಬೆತ್ತದ ಕುರ್ಚಿಗಳು. ಡಾಕ್ಟರಿಗೊಂದು, ವಕೀಲರಿಗೊಂದು, ಸಭೆಯ ಕಾರ್ಯದರ್ಶಿಗೊಂದು, ನಾಲ್ಕನೆಯದು ನಾನು ಹೆಸರು ಬರೆಯದ ಇವರಿಗೆ. ಇವರು ಸರ್ಕಾರದ ದೊಡ್ಡದೊಂದು ಇಲಾಖೆಯ ತುತ್ತತುದಿಯಲ್ಲಿದ್ದು ನಿವೃತ್ತರಾದವರು. ನಮ್ಮ ಜನರಲ್ಲಿ ಅಷ್ಟು ಎತ್ತರಕ್ಕೆ ಏರಿದವರು ಬೇರೆ ಯಾರೂ ಇರಲಿಲ್ಲ. ಅದೇ ಇಲಾಖೆಯಲ್ಲಿ ನಮ್ಮವರು, ಎಂದರೆ ನನ್ನ ಯಜಮಾನರು, ಗುಮಾಸ್ತರು. ಮನೆಯಲ್ಲಿ ಅವರ ಹೆಸರೆತ್ತುವಾಗ ನಮ್ಮವರ ದನಿ ತಾನಾಗಿಯೇ ತಗ್ಗುತ್ತಿತ್ತು.

ಆದರೆ ಆ ಕುರ್ಚಿ ಪ್ರತಿ ಭಾನುವಾರ ಖಾಲಿ. ಇವರು ಎಲ್ಲರಿಗಿಂತ ಮೊದಲು ಬಂದು ಶೆಡ್ಡು ಗುಡಿಸಿ, ಜಮಖಾನೆ ಹಾಸಿ, ಕೀರ್ತನೆ ಪುಸ್ತಕಗಳನ್ನು ಜೋಡಿಸಿ, ಎಂಟೂವರೆಗೆ ಸರಿಯಾಗಿ ರೈಲು ಕಂಬಿಗೆ ಹೊಡೆಯುತ್ತಿದ್ದರು. ಆಮೇಲೆ ಬಂದು ಕೊನೆಯಲ್ಲಿ, ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂರುತ್ತಿದ್ದರು. ನಮ್ಮ ಸಭಾಪಾಲಕರು, ನಾವೆಲ್ಲ ಅಯ್ಯನೋರು ಅನ್ನುತ್ತಿದ್ದೆವು, ಹೇಳಿ ಹೇಳಿ ಸುಸ್ತಾದರು. "ಮುಂದಕ್ಕೆ ಬನ್ನಿ ಸಾರ್, ನೋಡೋರಿಗೆ ಚೆನ್ನಾಗಿರಲ್ಲ." ಇವರು ನಕ್ಕು, "ಇಲ್ಲಿ ಗಾಳಿ ಚೆನ್ನಾಗಿ ಬರತ್ತೆ ಅಯ್ಯನೋರೆ," ಅನ್ನುತ್ತಿದ್ದರು. ಸಭೆಯ ಮಕ್ಕಳು ಅವರನ್ನು ಗಂಟೆ ತಾತ ಎಂದು ಕರೆಯುತ್ತಿದ್ದವು. ಸಾಹೇಬರೇ ಎಂದು ಕರೆದರೆ ಅವರಿಗೆ ಒಮ್ಮೊಮ್ಮೆ ಕೇಳಿಸುತ್ತಿರಲಿಲ್ಲ, ಗಂಟೆ ತಾತ ಎಂದರೆ ತಕ್ಷಣ ತಿರುಗುತ್ತಿದ್ದರು.

ಒಮ್ಮೆ ಡಾಕ್ಟರ ಭಾವಮೈದುನ ಮೈಸೂರಿನಿಂದ ಕಾರಿನಲ್ಲಿ ಬಂದ. ಬಾಗಿಲಲ್ಲಿ ತೆಳು ಮಲ್ಲು ಬಟ್ಟೆಯ ಷರಟು ತೊಟ್ಟು, ಪಂಚೆ ಉಟ್ಟು ನಿಂತಿದ್ದ ಇವರನ್ನು ನೋಡಿ, "ಏನಯ್ಯಾ, ಮಗು ಬೂಟು ಇಲ್ಲೇ ಬಿಟ್ಟಿದೀವಿ. ನಾಯಿ ಗೀಯಿ ಬಂದಾತು, ನೋಡ್ಕೋ," ಎಂದ. ಇವರು ಆರಾಧನೆ ಮುಗಿಯುವವರೆಗೆ ಬೂಟಿನ ಪಕ್ಕದಲ್ಲೇ ಕೂತರು. ಆಮೇಲೆ ಯಾರೋ ವಿಷಯ ಹೇಳಿ ಆ ಮನುಷ್ಯ ಬೆವರುತ್ತ ಓಡಿಬಂದಾಗ ಇವರು ಹೇಳಿದ್ದಿಷ್ಟೇ: "ಬೂಟು ಸರಿಯಾಗಿದೆಯಾ ನೋಡ್ಕೊಳ್ಳಿ. ಲೇಸು ಒಂದು ಬಿಚ್ಚಿತ್ತು, ಕಟ್ಟಿದೀನಿ."

ಇದೆಲ್ಲ ಅವರಿಗೆ ಸುಲಭವಾಗಿ ಬಂದದ್ದು ಎಂದು ನಾನು ಅಂದುಕೊಂಡಿದ್ದೆ. ಹಾಗಿರಲಿಲ್ಲ. ಕೂತಲ್ಲಿ ಅವರ ಬಲಗೈ ಇದ್ದಕ್ಕಿದ್ದ ಹಾಗೆ ಎದ್ದು ಜಮಖಾನೆಯ ಮೇಲೆ ಟಪ್ಪೆಂದು ಬೀಳುತ್ತಿತ್ತು. ಮೊದಮೊದಲು ಸೊಳ್ಳೆ ಹೊಡೆಯುತ್ತಾರೇನೋ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಆಫೀಸಿನ ಮೇಜಿನ ಮೇಲಿನ ಗಂಟೆ ಒತ್ತುವ ಕೈ. ಒತ್ತಿದರೆ ಜವಾನ ಓಡಿಬಂದು ನೀರು ಕೊಡಬೇಕು. ಇಲ್ಲಿ ಯಾರೂ ಬರುವುದಿಲ್ಲವಲ್ಲ! ಇವರು ಒಂದು ಕ್ಷಣ ಆ ಕೈಯನ್ನೇ ನೋಡಿ, ಎದ್ದು ಹೋಗಿ ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ನಾನು ನೋಡುತ್ತಿದ್ದೇನೆಂದು ತಿಳಿದರೆ, "ಹಳೇ ಕೈಯಮ್ಮ. ಇನ್ನೂ ಬುದ್ಧಿ ಬಂದಿಲ್ಲ," ಎನ್ನುವರು.

ನಮ್ಮ ಮಗಳಿಗೆ ನಾಲ್ಕು ತಿಂಗಳಾಗಿದ್ದಾಗ ನಮ್ಮವರಿಗೆ ರಾಯಚೂರಿಗೆ ವರ್ಗವಾಯಿತು. ಆ ಕಡೆಯ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಕೆಲವೇ ವರ್ಷ. ಬೆಂಗಳೂರಿನ ಗುಮಾಸ್ತರಿಗೆ ರಾಯಚೂರು ಎಂದರೆ ಕಾಶಿಗಿಂತ ದೂರ. ಅತ್ತೆಗೆ ಮಂಡಿನೋವು, ನಡೆಯಲಾರರು. ಕೂಸನ್ನೂ ಅವರನ್ನೂ ಕಟ್ಟಿಕೊಂಡು ಹೋಗುವಂತಿಲ್ಲ, ನಮ್ಮವರು ಒಬ್ಬರೇ ಹೋದರು. ಅವರು ಹೋದ ಮೊದಲ ವಾರ ನಾನು ಮಾತಾಡಿದ್ದು ಅತ್ತೆಯ ಜೊತೆ, ಹಾಲಿನವಳ ಜೊತೆ, ಗೋಡೆಯ ಜೊತೆ. ಅಪ್ಪನ ಮುಖ ಗುರುತಿಸುವ ಮೊದಲೇ ಮಗು ಅಪ್ಪನಿಂದ ದೂರವಾಯಿತಲ್ಲ ಎಂಬುದೊಂದೇ ನನ್ನ ಕೊರಗು.

ಅತ್ತೆ ಹೇಳಿದರು: "ಶೆಡ್ಡಲ್ಲಿ ಗುಡಿಸ್ತಾರಲ್ಲ, ಅವರ ಕಾಲು ಹಿಡ್ಕೋ. ಈಗಿರೋ ಸಾಹೇಬ್ರು ಇವರ ಕೈಕೆಳಗೆ ತಯಾರಾದೋರು. ಒಂದು ಮಾತು ಸಾಕು."

ಭಾನುವಾರ ಎಲ್ಲರೂ ಹೋದ ಮೇಲೆ ಮಗುವನ್ನು ಎತ್ತಿಕೊಂಡು ಅವರ ಮುಂದೆ ನಿಂತೆ. ಅವರು ಜಮಖಾನೆ ಸುತ್ತುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. "ಮಾತು ಹೇಳೋಕಾಗಲ್ಲಮ್ಮ," ಎಂದರು. ನನ್ನ ಕಣ್ಣಲ್ಲಿ ನೀರು ಬಂತು. "ಅರ್ಜಿ ಬರಿ. ನಾನೂ ನಿನ್ನ ಜೊತೆ ಆಫೀಸಿಗೆ ಬರ್ತೀನಿ."

ನಾನು ಒಳಗೊಳಗೇ ನಕ್ಕೆ. ಬಾಯಲ್ಲಿ ಬೇಡ ಅಂದರೇನು, ಇವರು ಬಂದು ನಿಂತರೆ ಸಾಲದೆ? ದರ್ಶನವೇ ವಶೀಲಿ!

ಮಾರನೆಯ ದಿನ ಬಸ್ಸಿನಲ್ಲಿ ಹೋದೆವು. ಸಾಹೇಬರ ಕೋಣೆಯ ಹೊರಗೆ ಉದ್ದನೆಯ ಮರದ ಬೆಂಚು, ಅದರ ತುಂಬ ಜನ. ಎದೆಗೆ ಅಡ್ಡಲಾಗಿ ಡವಾಲಿ, ಬಿಲ್ಲೆಯಿರುವ ಪಟ್ಟಿ, ಹಾಕಿದ ಜವಾನ ಬಾಗಿಲಲ್ಲಿ. ಭೇಟಿಗೆ ಬಂದವರು ಚೀಟಿಯಲ್ಲಿ ಹೆಸರು ಬರೆದು ಅವನ ಕೈಗೆ ಕೊಡಬೇಕು. ಅವನಿಗೆ ಮನಸ್ಸು ಬಂದರೆ ಒಳಗೆ ಹೋಗುತ್ತದೆ. ಇವರು ಜೇಬಿನಿಂದ ಪೆನ್ಸಿಲ್ ತೆಗೆದು ಚೀಟಿಯಲ್ಲಿ ನನ್ನ ಹೆಸರು ಬರೆದರು. ಕೆಳಗೆ ನಮ್ಮವರ ಹೆಸರು, ಹುದ್ದೆ. ಅಷ್ಟೇ.

"ನಿಮ್ಮ ಹೆಸರೂ ಬರೀರಿ ಸಾರ್," ಎಂದೆ.

"ಕೆಲಸ ನಿನ್ನದು. ನನ್ನ ಹೆಸರ್ಯಾಕಮ್ಮ?"

ಜವಾನ ಹೊಸಬ. ಚೀಟಿಯನ್ನು ನೋಡಿ, ಪಂಚೆಯನ್ನು ನೋಡಿ, "ಅಲ್ಲಿ ಕೂತ್ಕೊಳ್ರೀ, ಕರೀತಾರೆ," ಎಂದ. ಬೆಂಚಿನ ತುದಿಯಲ್ಲಿ ಒಬ್ಬರಿಗಾಗುವಷ್ಟು ಜಾಗ. ನನ್ನನ್ನು ಕೂರಿಸಿ ಇವರು ನಿಂತರು. ಹನ್ನೆರಡಾಯಿತು, ಎರಡಾಯಿತು, ಐದಾಯಿತು. ಎರಡನೆಯ ದಿನವೂ ಹಾಗೆಯೇ; ಪಕ್ಕದಲ್ಲಿ ಜಾಗವಾದಾಗ ಮಾತ್ರ ಇವರೂ ಕೂರುತ್ತಿದ್ದರು. ಆ ದಿನ ಹಳೆಯ ಗುಮಾಸ್ತರೊಬ್ಬರು ಫೈಲು ಹಿಡಿದು ಹೋಗುತ್ತಿದ್ದವರು ಇವರನ್ನು ಕಂಡು ಕಲ್ಲಾಗಿ ನಿಂತರು. ಇವರು ತುಟಿಯ ಮೇಲೆ ಬೆರಳಿಟ್ಟು, ಹೋಗಿ ಎಂದು ಸನ್ನೆ ಮಾಡಿದರು. ಮಗು ಅತ್ತರೆ ಎತ್ತಿಕೊಂಡು ವರಾಂಡದಲ್ಲಿ ಅಡ್ಡಾಡುತ್ತಿದ್ದರು. ಒಮ್ಮೆ ಜವಾನ, "ಏ ತಾತ, ದಾರಿ ಬಿಡು," ಎಂದು ಗದರಿದಾಗ ಅವರ ಬಲಗೈ ಎದ್ದು ಬೆಂಚಿನ ಮೇಲೆ ಟಪ್ಪೆಂದು ಬಿತ್ತು. ಆಮೇಲೆ ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತರು.

ಮೂರನೆಯ ದಿನ ಮಧ್ಯಾಹ್ನ ಬಾಗಿಲು ತೆರೆದು ಸಾಹೇಬರೇ ಹೊರಗೆ ಬಂದರು. ಇವರನ್ನು ಕಂಡವರೇ, "ಸಾರ್! ನೀವು... ಇಲ್ಲಿ, ಹೊರಗಡೆ... ಏನ್ಸಾರ್ ಇದು! ಒಂದು ಮಾತು ಹೇಳಿ ಕಳ್ಸಿದ್ರೆ ನಾನೇ ಮನೆಗೆ ಬರ್ತಿದ್ನಲ್ಲ," ಎಂದು ಕೈ ಜೋಡಿಸಿದರು. ಜವಾನನ ಮುಖ ನೋಡಬೇಕಿತ್ತು, ಸುಣ್ಣ ಬಳಿದ ಹಾಗಾಗಿತ್ತು. ನನ್ನ ಎದೆ ಹಗುರಾಯಿತು. ಗೆದ್ದೆವು ಎಂದುಕೊಂಡೆ.

ಇವರು ಪಕ್ಕದಲ್ಲಿದ್ದ ಮುದುಕರೊಬ್ಬರ ಭುಜ ಮುಟ್ಟಿದರು. "ಇವರು ನಾಲ್ಕು ದಿನದಿಂದ ಕೂತಿದ್ದಾರೆ. ಪೆನ್ಷನ್ ವಿಚಾರ. ಇವರದು ಮೊದಲು ನೋಡಿ. ಆಮೇಲೆ ಆ ಟವಲ್ ಹಾಕ್ಕೊಂಡಿರೋರು. ಆಮೇಲೆ ಈ ಅಮ್ಮ."

ಸಾಹೇಬರು ಹಾಗೇ ಮಾಡಿದರು. ಮುದುಕರು ಹೋಗಿಬಂದರು. ಟವಲಿನವರು ಒಳಗೆ ಹೋದರು. ಅಷ್ಟರಲ್ಲಿ ಫೋನು ಬಂತು, ಮಂತ್ರಿಗಳು ಕರೆದರಂತೆ, ಸಾಹೇಬರು ಕಾರು ಹತ್ತಿ ಹೊರಟೇಹೋದರು. ನನ್ನ ಅರ್ಜಿಗೆ ಮೊಹರು ಒತ್ತಿ, ಸರದಿ ಪ್ರಕಾರ ನೋಡ್ತಾರೆ ಎಂದರು ಗುಮಾಸ್ತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಸ್ಸಿಗೆ ಕಾಯುವಾಗ ನಾನು ಅವರ ಕಡೆ ನೋಡಲಿಲ್ಲ. ಅವರೇ ಮಾತು ತೆಗೆದರು.

"ನಾನು ಆ ಕೋಣೇಲಿದ್ದಾಗ ಕ್ರಿಸ್‌ಮಸ್ಸಿಗೆ ನಮ್ಮ ಸಭೆಯೋರೊಬ್ಬರು ಕೇಕು ಹಿಡ್ಕೊಂಡು ಮನೆಗೆ ಬಂದ್ರು. ಮಗನಿಗೆ ಅಣೆಕಟ್ಟಿನ ಕ್ಯಾಂಪಿಗೆ ವರ್ಗ ಆಗಿದೆ, ತಪ್ಪಿಸಿ ಅಂದ್ರು. ಹಸಿರು ಶಾಯಿ ಪೆನ್ನಲ್ಲಿ ಆ ಹುಡುಗನ ಹೆಸರು ಹೊಡೆದೆ. ಹೊಡೆದ ಮೇಲೆ ಜಾಗ ಖಾಲಿ ಬಿಡೋಕಾಗಲ್ಲವಲ್ಲಮ್ಮ, ಕೆಳಗಿದ್ದ ಇನ್ನೊಂದು ಹೆಸರು ಬರೆದೆ. ಆ ಮನುಷ್ಯ ಕ್ಯಾಂಪಲ್ಲಿ ಮಲೇರಿಯಾ ಬಂದು ತೀರ್ಕೊಂಡ."

ಬಸ್ಸು ಬರುವ ದಾರಿಯನ್ನೇ ನೋಡುತ್ತ ಮುಂದುವರಿಸಿದರು. "ಅವನ ಹೆಂಡ್ತಿ ಬಂದು ಆ ಬೆಂಚಿನ ಮೇಲೆ ಮೂರು ದಿನ ಕೂತಿದ್ದಳಂತೆ. ಚೀಟಿ ನನ್ನ ಮೇಜಿನ ಮೇಲೆ ಬಂದಿತ್ತು. ಮೀಟಿಂಗ್ ಇತ್ತು, ನೋಡಲಿಲ್ಲ. ಯೇಸುಸ್ವಾಮಿ ಸೊಂಟಕ್ಕೆ ಟವಲ್ ಕಟ್ಕೊಂಡು ಕಾಲು ತೊಳೆದರು ಅಂತ ಭಾನುವಾರ ಕೇಳ್ತಿದ್ದೆ, ಸೋಮವಾರ ಡವಾಲಿ ಹಾಕಿದ ಜವಾನನ್ನ ಬಾಗಿಲಲ್ಲಿ ನಿಲ್ಲಿಸ್ತಿದ್ದೆ. ಆ ಬೆಂಚು ಅಷ್ಟು ಗಟ್ಟಿ ಅಂತ ನಂಗೆ ಗೊತ್ತೇ ಇರಲಿಲ್ಲ."

ಇಂಥ ಮಾತು ಕೇಳಿ ನನ್ನ ಮನಸ್ಸು ಕರಗಿತೆಂದು ಬರೆದರೆ ಸುಳ್ಳಾಗುತ್ತದೆ. ಸತ್ತವನಿಗಾಗಿ ಇವರು ಮರುಗುತ್ತಿದ್ದಾರೆ, ಬದುಕಿರುವ ನನ್ನ ಗಂಡ ರಾಯಚೂರಿನಲ್ಲಿ ಬೇಯುತ್ತಿದ್ದಾನೆ ಎಂದುಕೊಂಡೆ. ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ಆನೆ ಮೇಲೆ ಹೋಗೋರನ್ನ ಸುಣ್ಣ ಕೇಳಬಾರದು ಅಂತಾರೆ. ಇವರು ಆನೆ ಇಳಿದು ನಡೀತಿದ್ದಾರೆ, ಆದ್ರೂ ಸುಣ್ಣ ಕೊಡಲ್ಲ," ಎಂದರು.

ಆ ಶನಿವಾರ ಮೂರು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಇವರು, ಕೈಯಲ್ಲಿ ಖಾಲಿ ಚೀಲ. "ರೇಷನ್ ಕಾರ್ಡು, ಸೀಮೆಎಣ್ಣೆ ಡಬ್ಬ ಕೊಡಮ್ಮ. ಕೂಸು ಎತ್ಕೊಂಡು ನೀನು ಎಲ್ಲಿ ಕ್ಯೂ ನಿಲ್ತೀಯ," ಎಂದರು. ರೇಷನ್ ಡಿಪೋದ ಮುಂದೆ ಜನ ತಮ್ಮ ಸರದಿಗೆ ಗುರುತಾಗಿ ಒಂದೊಂದು ಕಲ್ಲಿಟ್ಟು ನೆರಳಿಗೆ ಹೋಗುತ್ತಿದ್ದರು. ಇವರು ಕಲ್ಲು ಇಟ್ಟು ಪಕ್ಕದಲ್ಲೇ ನಿಲ್ಲುತ್ತಿದ್ದರು. ಅಲ್ಲಿಂದ ಮುಂದೆ ಎರಡು ವರ್ಷ, ನಮ್ಮವರು ರಜೆಗೆ ಬಂದ ದಿನಗಳನ್ನು ಬಿಟ್ಟರೆ, ಒಂದು ಶನಿವಾರವೂ ತಪ್ಪಲಿಲ್ಲ. ಎಣ್ಣೆ ತಂದಿಟ್ಟು, ಮಗುವಿನ ಜೊತೆ ಅರ್ಧ ಗಂಟೆ ಕೂತು, ಒಂದು ಲೋಟ ಕಾಫಿ ಕುಡಿದು ಹೋಗುವರು. ಅವರದೂ ಒಂಟಿ ಬಾಳು. ಹೆಂಡತಿ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿಲ್ಲ. ಯಾರದೋ ಮನೆಯ ಹಿತ್ತಲಲ್ಲಿ ಒಂದು ಕೋಣೆ ಹಿಡಿದಿದ್ದರು. ಅಧಿಕಾರವಿದ್ದಾಗ ಅವರ ಬಂಗಲೆಯ ಮುಂದೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವಂತೆ. ಮಾತು ಹೇಳುವುದಿಲ್ಲ ಎಂದು ಊರಿಗೆಲ್ಲ ತಿಳಿದ ಮೇಲೆ ಆ ಕೋಣೆಗೆ ಒಂದು ಸೈಕಲ್ಲೂ ಹೋಗುತ್ತಿರಲಿಲ್ಲ. ಅರ್ಜಿ ಏನಾಯಿತೆಂದು ನಾನೂ ಕೇಳುವುದನ್ನು ಬಿಟ್ಟೆ.

ಒಂದು ವರ್ಷ ಕಳೆದಿರಬಹುದು, ಒಂದು ಭಾನುವಾರ ಸರ್ಕಾರಿ ಕಾರೊಂದು ಶೆಡ್ಡಿನ ಮುಂದೆ ನಿಂತಿತು. ಇಳಿದವರು ಅದೇ ಸಾಹೇಬರು. ಯಾವುದೋ ಮಂಡಳಿಗೆ ಇವರನ್ನು ಅಧ್ಯಕ್ಷರನ್ನಾಗಿ ಮಾಡಬೇಕೆಂದು ಸರ್ಕಾರಕ್ಕೆ ಮನಸ್ಸಿದೆ, ಒಪ್ಪಿಗೆ ಬೇಕು ಎಂದರು. ಅಯ್ಯನೋರು ಹಿಗ್ಗಿದರು. ಸ್ವಂತ ದೇವಾಲಯಕ್ಕೆ ಜಾಗ ಸಿಕ್ಕೇಬಿಟ್ಟಿತು ಎಂದು ಕಾರ್ಯದರ್ಶಿ ಎಲ್ಲರಿಗೂ ಕೇಳಿಸುವಂತೆ ಹೇಳಿದರು. ನಾನು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದೆ. ಇವರು ಹೂಂ ಎಂದರೆ ನಮ್ಮವರು ಮುಂದಿನ ವಾರ ಮನೆಯಲ್ಲಿ.

ಇವರು ಜಮಖಾನೆಯ ಒಂದು ತುದಿ ಹಿಡಿದುಕೊಂಡಿದ್ದರು. ಅವರಿಗೆ ಆಸೆಯಾಗಿತ್ತು, ನಾನು ಕಣ್ಣಾರೆ ಕಂಡೆ; ಮುಖದಲ್ಲಿ ಹತ್ತು ವರ್ಷ ಕಡಿಮೆಯಾದ ಹಾಗೆ ರಕ್ತ ಏರಿತ್ತು. ಆಮೇಲೆ, "ಬೇಡಪ್ಪ," ಎಂದರು. "ಈ ಕೈಗೆ ಮತ್ತೆ ಪೆನ್ನು ಕೊಡಬೇಡಿ. ಸ್ವಲ್ಪ ಆ ಕಡೆ ತುದಿ ಹಿಡ್ಕೊಳ್ಳಿ, ಮಡಚಬೇಕು." ಸಾಹೇಬರು ಸೂಟಿನಲ್ಲೇ ಬಗ್ಗಿ ತುದಿ ಹಿಡಿದರು.

ಕಾರು ಹೋದಮೇಲೆ ನನಗೆ ತಡೆಯಲಾಗಲಿಲ್ಲ. "ನೀವು ತಗ್ಗಿ ನಡೆದು ಪುಣ್ಯ ಕಟ್ಕೋತಿದ್ದೀರಿ ಸಾರ್. ಅದರ ಭಾರ ನಮ್ಮ ಮನೆ ಮೇಲೆ ಬೀಳ್ತಿದೆ. ನನ್ನ ಮಗಳಿಗೆ ಅಪ್ಪ ಅಂದ್ರೆ ಯಾರು ಅಂತ ಗೊತ್ತಿಲ್ಲ," ಎಂದುಬಿಟ್ಟೆ. ಸಭೆಯವರೆಲ್ಲ ಕೇಳಿಸಿಕೊಂಡರು.

"ಹೌದಮ್ಮ," ಎಂದರು. ಅಷ್ಟೇ. ಸಮರ್ಥನೆಯಿಲ್ಲ, ಬೈಬಲ್ ವಚನವಿಲ್ಲ, ಏನಿಲ್ಲ. ಒಂದು ಮಾತು ತಿರುಗಿ ಅಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮುಂದಿನ ಶನಿವಾರ ಮೂರಕ್ಕೆ ಬಾಗಿಲು ತಟ್ಟಿದರು. ನಾನು ತೆಗೆಯಲಿಲ್ಲ. ಡಬ್ಬ, ಕಾರ್ಡು ಮೊದಲೇ ಮೆಟ್ಟಿಲ ಮೇಲೆ ಇಟ್ಟಿದ್ದೆ. ಅವರು ಬರುತ್ತಾರೆಂದು ನನಗೆ ಗೊತ್ತಿತ್ತಲ್ಲ. ಸಂಜೆ ನೋಡಿದರೆ ಡಬ್ಬ ತುಂಬಿತ್ತು. ಮೂರು ವಾರ ಹೀಗೇ ನಡೆಯಿತು. ನಾಲ್ಕನೆಯ ವಾರ ಮಗುವೇ ಪುಟ್ಟ ಹೆಜ್ಜೆ ಹಾಕಿಕೊಂಡು ಹೋಗಿ ಬಾಗಿಲು ಬಡಿಯತೊಡಗಿತು, ತೆಗೆಯದೆ ಬೇರೆ ದಾರಿಯಿರಲಿಲ್ಲ.

ಆ ಕ್ರಿಸ್‌ಮಸ್ಸಿಗೆ ನಮ್ಮವರು ರಜೆ ಮೇಲೆ ಬಂದರು. ಹಬ್ಬದ ಆರಾಧನೆ ಮುಗಿದು ಅವರು ಎತ್ತಿಕೊಳ್ಳಹೋದಾಗ ಮಗು ಕಿಟಾರನೆ ಕಿರುಚಿ, ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಇವರ ಕಾಲು ತಬ್ಬಿಕೊಂಡಿತು. ನಮ್ಮವರ ಮುಖ ಕಪ್ಪಿಟ್ಟಿತು. ಇವರು ಮೆಲ್ಲನೆ ಮಗುವಿನ ಕೈ ಬಿಡಿಸಿ ಎಲ್ಲಿಗೋ ಹೋದರು. ಮಧ್ಯಾಹ್ನ ನಮ್ಮಲ್ಲಿ ಊಟಕ್ಕೆ ಕರೆದಿದ್ದೆವು, ಬರಲಿಲ್ಲ. ನಮ್ಮವರ ರಜೆ ಮುಗಿಯುವವರೆಗೂ ನಮ್ಮ ಬೀದಿಗೆ ಕಾಲಿಡಲಿಲ್ಲ. ತಾವು ಕಣ್ಣಿಗೆ ಬಿದ್ದರೆ ಮಗು ಅಪ್ಪನ ಹತ್ತಿರ ಹೋಗುವುದಿಲ್ಲ ಎಂದು. ಹಬ್ಬದ ದಿನ ಏನು ಊಟ ಮಾಡಿದಿರಿ ಎಂದು ಆಮೇಲೆ ಕೇಳಿದೆ. "ಬ್ರೆಡ್ಡಿತ್ತು," ಎಂದರು. ಅಂದು ಮೊದಲ ಸಲ ನನಗೆ ಅವರಿಗಾಗಿ ಸಂಕಟವಾಯಿತು.

ಎರಡು ವರ್ಷ ತುಂಬಿ ಸರದಿ ಬಂತು. ಯಾರ ಮಾತೂ ಇಲ್ಲದೆ ನಮ್ಮವರಿಗೆ ವಾಪಸ್ಸು ಬೆಂಗಳೂರಿಗೆ ಆರ್ಡರಾಯಿತು. ನಾನು ಕುಣಿಯುವುದೊಂದು ಬಾಕಿ. ಶನಿವಾರ ಇವರಿಗೆ ಕಾಫಿಯ ಜೊತೆ ಕೇಸರಿಬಾತ್ ಕೊಟ್ಟು ಸುದ್ದಿ ಹೇಳಿದೆ. ಅವರು ಕಣ್ಣು ಮುಚ್ಚಿ, "ಸ್ತೋತ್ರ," ಎಂದರು. ಆಮೇಲೆ ಕಣ್ಣು ತೆರೆದು, "ಆ ಜಾಗಕ್ಕೆ ಯಾರು ಹೋಗ್ತಿದ್ದಾರಂತೆ?" ಎಂದು ಕೇಳಿದರು.

ನನಗೆ ರೇಗಿತು. ನನ್ನ ಮನೆಯ ಸಂತೋಷ ಒಂದು ಗಳಿಗೆ ನಿಲ್ಲಬಾರದೇ? "ಹನುಮಂತನಗರದೋರಂತೆ. ಎಳೇ ಮಕ್ಕಳಿವೆಯಂತೆ," ಎಂದೆ.

ಮುಂದಿನ ವಾರ ಬಂದು, ವಿಳಾಸ ಸಿಕ್ಕಿತು, ನೀನೂ ಬರ್ತೀಯಾ ಎಂದು ಕೇಳಿದರು. "ಎರಡು ವರ್ಷ ಹೇಗೆ ಕಳೀಬೇಕು ಅನ್ನೋದು ನಿಂಗೆ ಗೊತ್ತು. ನೀನು ಹೇಳಿದ್ರೆ ಆ ಅಮ್ಮನಿಗೆ ಧೈರ್ಯ ಬರತ್ತೆ."

ನಾನು ಬರೋದಿಲ್ಲ ಎಂದೆ. ಮನೆಯಲ್ಲಿ ಕೆಲಸವಿದೆ ಎಂದೆ. ಕೆಲಸವೇನೂ ಇರಲಿಲ್ಲ. ಆ ಹೆಂಗಸಿನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಇವರು ಬಲವಂತ ಮಾಡಲಿಲ್ಲ, ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಒಬ್ಬರೇ ನಡೆದರು.

ಅಂದಿನಿಂದ ಅವರ ಶನಿವಾರಗಳು ಹನುಮಂತನಗರದ ಪಾಲಾದವು. ನ್ಯಾಯವೇ. ನಮ್ಮ ಮನೆಯಲ್ಲಿ ಈಗ ಗಂಡಸಿದ್ದಾರೆ, ಡಿಪೋಗೆ ಹೋಗುತ್ತಾರೆ. ಆದರೂ ಮೂರು ಗಂಟೆಯಾದರೆ ಮಗಳು ಗೇಟಿನ ಬಳಿ ನಿಲ್ಲುತ್ತಿದ್ದಳು. ಒಳಗೆ ಸುಮ್ಮನೆ ಕೂತು ನಾನೂ ಬಾಗಿಲ ಕಡೆಗೇ ಕಿವಿಗೊಡುತ್ತಿದ್ದೆ. ಗಂಡ ಮನೆಯಲ್ಲಿದ್ದೂ ಆ ಹೊತ್ತಿಗೆ ಮನೆ ಬಿಕೋ ಎನ್ನುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಇವರಿಗಂತೂ ಹೇಳಲೇ ಇಲ್ಲ.

ಮುಂದಿನ ಜನವರಿಯಲ್ಲಿ ಅವರು ತೀರಿಕೊಂಡರು. ಭಾನುವಾರ ಎಂಟೂವರೆಗೆ ಗಂಟೆ ಕೇಳಲಿಲ್ಲವೆಂದು ನಮ್ಮವರು ಕೋಣೆಗೆ ಹೋಗಿ ನೋಡಿದರು. ಮಲಗಿದಲ್ಲೇ ಹೋಗಿದ್ದರು. ಮಣ್ಣಿಗೆ ಮೂರು ನಾಲ್ಕು ಕಾರುಗಳು ಬಂದವು, ದೊಡ್ಡ ಹೂವಿನ ಚಕ್ರಗಳು ಬಂದವು. ಬಂದ ಸಾಹೇಬರೊಬ್ಬರು ಶೆಡ್ಡಿನಲ್ಲಿ ಆ ನಾಲ್ಕನೆಯ ಬೆತ್ತದ ಕುರ್ಚಿಯ ಮೇಲೆ ಕೂತರು.

ಆಮೇಲಿನ ಭಾನುವಾರ ಜಮಖಾನೆ ಸೊಟ್ಟಗೆ ಹಾಸಿತ್ತು. ಅದರ ಮುಂದಿನ ಭಾನುವಾರ ಯಾರೂ ಹಾಸಿರಲೇ ಇಲ್ಲ, ನಾನೇ ಹಾಸಿದೆ. ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಒಬ್ಬಳೇ ಬಗ್ಗಿ ಸುತ್ತುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ನನ್ನ ವಯಸ್ಸಿನವಳೇ. ಹಣೆಯಲ್ಲಿ ಕುಂಕುಮ, ಸೊಂಟದಲ್ಲೊಂದು ಕೂಸು, ಕೈಯಲ್ಲಿ ಹಿತ್ತಾಳೆ ಡಬ್ಬಿ. ಒಳಗೆ ಬರಬಹುದೋ ಬಾರದೋ ಎಂದು ಅನುಮಾನಿಸುತ್ತಿದ್ದಳು.

"ಗಂಟೆ ತಾತ ಇಲ್ವಾ? ಎರಡು ಶನಿವಾರ ಆಯ್ತು, ಬರ್ಲಿಲ್ಲ. ಹುಷಾರಿಲ್ವೇನೋ ಅಂತ ನೋಡೋಕೆ ಬಂದೆ. ಅವರೆಕಾಳು ಉಪ್ಪಿಟ್ಟು ತಂದಿದೀನಿ, ಅವರಿಗೆ ಆಸೆ."

ಯಾರೆಂದು ಕೇಳಬೇಕಾಗಿರಲಿಲ್ಲ. ನಾನು ವಿಷಯ ಹೇಳಿದೆ. ಅವಳು ಡಬ್ಬಿಯನ್ನು ಕೆಳಗಿಟ್ಟು ಅಲ್ಲೇ ಹೊಸ್ತಿಲ ಬಳಿ, ಅವರು ಕೂರುತ್ತಿದ್ದ ಜಾಗದಲ್ಲಿಯೇ ಕುಸಿದು ಕೂತು ಅತ್ತಳು.

ಅತ್ತು ಮುಗಿದ ಮೇಲೆ ಹೇಳಿದಳು: "ಪಾಪ, ಬಡವರು. ಈ ವಯಸ್ಸಲ್ಲಿ ಚರ್ಚು ಗುಡಿಸಿ ಜೀವನ ಮಾಡ್ತಿದ್ರು. ನಮ್ಮೋರದು ಒಂದು ಹಳೇ ಸ್ವೆಟರ್ ಕೊಟ್ಟಿದ್ದೆ, ದಿನಾ ಅದನ್ನೇ ಹಾಕ್ಕೊಂಡು ಬರೋರು. ನಮ್ಮೋರನ್ನ ರಾಯಚೂರಿಗೆ ಹಾಕಿದಾರಮ್ಮ. ಯಾರಾದ್ರೂ ದೊಡ್ಡೋರ ಪರಿಚಯ ಇದ್ದಿದ್ರೆ ಎಂದೋ ಬಂದ್ಬಿಡ್ತಿದ್ರು. ಆ ತಾತಂಗೆ ತಾನೆ ಯಾರು ಗೊತ್ತು?"

ನನ್ನ ನಾಲಗೆಯ ತುದಿಗೆ ಎಲ್ಲ ಬಂತು. ನುಂಗಿಕೊಂಡೆ.

"ಯಾರೋ ಒಬ್ಬ ಬೆಂಗಳೂರಿಗೆ ಬಂದ, ನಮ್ಮೋರು ಅಲ್ಲಿಗೆ ಹೋದ್ರು. ಮೊದಮೊದಲು ಆ ಮನೆಯೋರಿಗೆ ಹಿಡಿ ಶಾಪ ಹಾಕ್ತಿದ್ದೆ. ತಾತನೇ ಬೇಡ ಅಂದ್ರು. ಆ ಹೆಣ್ಣುಮಗಳೂ ಎರಡು ವರ್ಷ ಹಿಂಗೇ ಕಾದಿದಾಳೆ, ಒಳ್ಳೇ ಹುಡುಗಿ, ಬೈಬೇಡಮ್ಮ ಅಂದ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೂ ನನ್ನ ಕೈಯಲ್ಲಿದ್ದ ಜಮಖಾನೆಯನ್ನೂ ನೋಡಿದಳು. "ನೀವೂ ಇಲ್ಲೇ ಕೆಲಸಕ್ಕಿದ್ದೀರಾ?"

"ಹೂಂ," ಎಂದೆ.

ಆ ಶನಿವಾರ ಖಾಲಿ ಚೀಲ ಹಿಡಿದು ಹನುಮಂತನಗರಕ್ಕೆ ನಡೆದೆ. ಗುಡ್ಡದ ಕೆಳಗೆ ಎರಡನೆಯ ಬೀದಿ ಎಂದು ಅವಳೇ ಹೇಳಿಹೋಗಿದ್ದಳು. ಬಾಗಿಲು ತಟ್ಟಿದಾಗ ಸರಿಯಾಗಿ ಮೂರು ಗಂಟೆ. ಅವಳು ತೆರೆದು ನಗುತ್ತ ಒಳಗೆ ಕರೆದಳು. ನಾನು ಹೊಸ್ತಿಲಾಚೆಯೇ ನಿಂತು, "ಮೊದಲು ಒಂದು ಮಾತು. ರಾಯಚೂರಿಂದ ವಾಪಸ್ ಬಂದೋರು ನಮ್ಮ ಯಜಮಾನ್ರು. ನೀವು ಶಾಪ ಹಾಕಿದ್ದು ನಂಗೆ," ಎಂದೆ.

ಅವಳ ನಗು ಹೋಯಿತು. ಒಳಗೆ ಹೋದಳು. ಬಾಗಿಲು ಮುಚ್ಚುತ್ತಾಳೆ ಅಂದುಕೊಂಡೆ, ಮುಚ್ಚಿದರೆ ಮೆಟ್ಟಿಲ ಮೇಲೆ ಕೂರುವುದೆಂದೂ ಅಂದುಕೊಂಡೆ. ಅವಳು ತಿರುಗಿ ಬಂದು ಸೀಮೆಎಣ್ಣೆ ಡಬ್ಬವನ್ನೂ ಕಾರ್ಡನ್ನೂ ನನ್ನ ಕೈಗಿಟ್ಟಳು.

"ಕ್ಯೂ ಉದ್ದ ಇರತ್ತೆ," ಎಂದಳು. "ತಾತ ಕಲ್ಲಿಟ್ಟು ಪಕ್ಕದಲ್ಲೇ ನಿಲ್ಲೋರು."

ಡಿಪೋದ ಮುಂದೆ ಇಪ್ಪತ್ತು ಮೂವತ್ತು ಕಲ್ಲುಗಳಿದ್ದವು. ನಾನೂ ಒಂದು ಕಲ್ಲು ಹುಡುಕಿ ತಂದಿಟ್ಟು, ಸಾಲಿನ ಕೊನೆಯಲ್ಲಿ ಬಿಸಿಲಿಗೆ ನಿಂತೆ.